ಹನ್ನೊಂದು ನಕ್ಷತ್ರ, ಮೂರು ಉತ್ತರ: ಡಾರ್ಕ್ ಮ್ಯಾಟರ್ ಅಳೆಯಲು ಹೊರಟ ಒಂದು ಶಾಲಾ ಪ್ರಾಜೆಕ್ಟ್

ಇದು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ, ಒಳಭಾಗದ ಒಂದು ಹೈಯರ್ ಸೆಕೆಂಡರಿ ಶಾಲೆಯಲ್ಲಿ ನಡೆದದ್ದು. ಶಾಲೆ, ಮಕ್ಕಳು, ಟೀಚರ್, ಯಾರ ಹೆಸರನ್ನೂ ಹಾಕಿಲ್ಲ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಲೆಕ್ಕಗಳನ್ನು ಮುಟ್ಟಿಲ್ಲ. ಭೌತಶಾಸ್ತ್ರದ ಟೀಚರ್ ಕರೆದಿದ್ದರಿಂದ ನಾನು ಆಗಾಗ ಹೋಗಿ ಮಕ್ಕಳ ಜೊತೆ ಕೂತಿದ್ದೆ. ನಿರ್ಧಾರಗಳೆಲ್ಲ ಅವರದ್ದೇ. ಬೇರೆ ಶಾಲೆಯ ಟೀಚರುಗಳಿಗೂ ಪ್ರಾಜೆಕ್ಟ್ ಮಾಡುವ ಮಕ್ಕಳಿಗೂ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಪ್ಲಸ್ ಒನ್‌ನ (ಹನ್ನೊಂದನೇ ತರಗತಿಯ) ಇಬ್ಬರು ಮಕ್ಕಳು, ಒಬ್ಬ ಹುಡುಗಿ, ಒಬ್ಬ ಹುಡುಗ. ಇಬ್ಬರೂ ಹತ್ತನೆಯವರೆಗೆ ಕನ್ನಡ ಮಾಧ್ಯಮ. ನಮ್ಮ ಕಡೆ ಕನ್ನಡದಲ್ಲಿ ಚೆನ್ನಾಗಿ ಓದಿದ ಮಕ್ಕಳು ಪ್ಲಸ್ ಒನ್‌ಗೆ ಬಂದ ಕೂಡಲೇ ಪಾಠ ಇಂಗ್ಲಿಷಿಗೆ ತಿರುಗುತ್ತದೆ. ಮೊದಲ ಕೆಲವು ತಿಂಗಳು ಅವರು ಬಾಯಿ ಬಿಡುವುದೇ ಕಷ್ಟ. ಆ ಟೀಚರಿಗೆ ಇದು ಚೆನ್ನಾಗಿ ಗೊತ್ತು. ಶಾಸ್ತ್ರೋತ್ಸವದ (ಕೇರಳದ ಶಾಲಾ ವಿಜ್ಞಾನ ಮೇಳದ) ಪ್ರಾಜೆಕ್ಟ್ ಅನ್ನುವ ನೆಪದಲ್ಲಾದರೂ ಇವರಿಬ್ಬರು ಮಾತಾಡಲಿ ಅಂತ ಅವರ ಆಸೆ.

ಮೊದಲು ಯೋಚಿಸಿದ್ದು ಸ್ಟಿಲ್ ಮಾಡೆಲ್. ಥರ್ಮಾಕೋಲಿನ ಗೆಲಾಕ್ಸಿ, ಸುತ್ತ ಕಪ್ಪು ಬಟ್ಟೆ. ಟೀಚರ್ ಅದನ್ನು ಅಲ್ಲೇ ನಿಲ್ಲಿಸಿದರು. "ನೋಡ್ಲಿಕ್ಕೆ ಚಂದ ಉಂಟು. ಆದ್ರೆ ಇದ್ರಲ್ಲಿ ನೀವು ಎಂತ ಕಂಡುಹಿಡಿದ ಹಾಗಾಯ್ತು?" ಅಂದರು. ಹಾಗೆ ಅದು 'ರಿಸರ್ಚ್ ಟೈಪ್ ಪ್ರಾಜೆಕ್ಟ್' ವಿಭಾಗಕ್ಕೆ ಬಂತು. ಗೆಲಾಕ್ಸಿಗಳ ನಕ್ಷತ್ರಗಳ ವೇಗದ ಅಳತೆಗಳನ್ನು ವಿಜ್ಞಾನಿಗಳು ಪ್ರಕಟಿಸಿದ್ದಾರೆ, ಎಲ್ಲರಿಗೂ ಸಿಗುತ್ತವೆ. ಪ್ಲಸ್ ಒನ್ ಗಣಿತದಲ್ಲಿ ಸ್ಟಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಲೆಕ್ಕ) ಇದೆ, ಭೌತಶಾಸ್ತ್ರದಲ್ಲಿ ಗುರುತ್ವಾಕರ್ಷಣೆ ಇದೆ. ಶಾಲೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು, ಅದರಲ್ಲಿ ಲಿಬ್ರೆಆಫೀಸ್ ಕ್ಯಾಲ್ಕ್. ಇಷ್ಟಿದ್ದರೆ ಒಂದು ಗೆಲಾಕ್ಸಿಯ ತೂಕ ಅಂದಾಜು ಮಾಡಬಹುದು. ಇದು ನಿಜ, ಉತ್ಪ್ರೇಕ್ಷೆ ಅಲ್ಲ.

ತೂಗಲು ಆರಿಸಿದ್ದು ಕುಬ್ಜ ಗೆಲಾಕ್ಸಿ, ಅಂದರೆ ಪುಟ್ಟದು. ಅದೇ ಯಾಕೆ? ನಮ್ಮ ಕ್ಷೀರಪಥದಂಥ ದೊಡ್ಡ ಗೆಲಾಕ್ಸಿಯಲ್ಲಿ ನಕ್ಷತ್ರ, ಅನಿಲ, ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಸೆಳೆತದಿಂದ ಮಾತ್ರ ಗೊತ್ತಾಗುವ ವಸ್ತು) ಎಲ್ಲವೂ ಬೇಕಾದಷ್ಟಿದೆ. ಯಾವುದರ ಸೆಳೆತ ಎಷ್ಟು ಅಂತ ಬೇರ್ಪಡಿಸುವುದು ತಲೆನೋವಿನ ಕೆಲಸ. ಕ್ಷೀರಪಥದ ಸುತ್ತ ತಿರುಗುವ ಪುಟ್ಟ ಗೆಲಾಕ್ಸಿಗಳಲ್ಲಿ ನಕ್ಷತ್ರ ಕಡಿಮೆ, ಅನಿಲ ಇಲ್ಲವೇ ಇಲ್ಲ ಅನ್ನುವಷ್ಟು. ಹಾಗಾಗಿ ಅಲ್ಲಿ ನಕ್ಷತ್ರಗಳು ಇರಬೇಕಾದ್ದಕ್ಕಿಂತ ಜೋರಾಗಿ ಓಡಾಡುತ್ತಿದ್ದರೆ, ಕಾಣದ ತೂಕ ಇದೆ ಅನ್ನಲು ಅಡ್ಡಿ ಕಡಿಮೆ.

ಕಾಣದ್ದನ್ನು ಹೀಗೆ ತೂಗುವುದು ಹುಡುಗನಿಗೆ ಬೇಗ ಹಿಡಿಸಿತು. ಅವನ ಅಜ್ಜ ಸುರಂಗ ಕೊರೆಯುತ್ತಿದ್ದವರು. ಮುರಕಲ್ಲಿನ ಗುಡ್ಡದೊಳಗೆ ನೀರು ಎಷ್ಟಿದೆ ಅಂತ ಯಾರೂ ಇಳಿದು ಕಂಡಿಲ್ಲ. ಬೇಸಗೆಯಲ್ಲಿ ಸುರಂಗದ ಬಾಯಿಗೆ ಬರುವ ನೀರು ನೋಡಿ ಅಂದಾಜು ಮಾಡುತ್ತಾರೆ. ಇಲ್ಲಿ ನೀರಿನ ಜಾಗದಲ್ಲಿ ನಕ್ಷತ್ರಗಳ ವೇಗ, ಅಷ್ಟೇ.

ಲೆಕ್ಕ ಹೇಗೆ

ಒಂದು ಪುಟ್ಟ ಗೆಲಾಕ್ಸಿಯ ನಕ್ಷತ್ರಗಳು ನಮ್ಮ ಕಡೆಗೋ ಆಚೆಗೋ ಎಷ್ಟು ವೇಗದಲ್ಲಿ ಹೋಗುತ್ತಿವೆ ಅಂತ ಅವುಗಳ ಬೆಳಕಿನ ರೋಹಿತದಿಂದ ತಿಳಿಯುತ್ತದೆ. ಎಲ್ಲಕ್ಕೂ ಒಂದೇ ವೇಗ ಇರುವುದಿಲ್ಲ. ಸರಾಸರಿಯಿಂದ ಆಚೀಚೆ ಎಷ್ಟು ಹರಡಿವೆ ಅನ್ನುವುದು ಮುಖ್ಯ. ಅದನ್ನು ಇಲ್ಲಿ 'ಹರವು' ಅನ್ನೋಣ. ಹರವು ಜಾಸ್ತಿ ಅಂದರೆ ಹಿಡಿದಿಡುವ ಸೆಳೆತವೂ ಜಾಸ್ತಿ ಇರಬೇಕು. ಇಲ್ಲದಿದ್ದರೆ ನಕ್ಷತ್ರಗಳು ಯಾವತ್ತೋ ಚದುರಿ ಹೋಗುತ್ತಿದ್ದವು.

2010ರಲ್ಲಿ ಜೋ ವುಲ್ಫ್ ಮತ್ತು ಸಂಗಡಿಗರು ಇದಕ್ಕೆ ಸರಳ ಸೂತ್ರ ಕೊಟ್ಟರು. ಹರವನ್ನು ವರ್ಗ ಮಾಡಿ, ಗೆಲಾಕ್ಸಿಯ ಅರ್ಧ ಬೆಳಕು ಒಳಗೊಳ್ಳುವ ತ್ರಿಜ್ಯದಿಂದ ಗುಣಿಸಿ, ಮತ್ತೆ 930ರಿಂದ ಗುಣಿಸಬೇಕು. ಹರವು ಸೆಕೆಂಡಿಗೆ ಕಿಲೋಮೀಟರಿನಲ್ಲಿ, ತ್ರಿಜ್ಯ ಪಾರ್ಸೆಕ್‌ನಲ್ಲಿ (ಒಂದು ಪಾರ್ಸೆಕ್ ಅಂದರೆ ಸುಮಾರು 3.26 ಜ್ಯೋತಿರ್ವರ್ಷ) ಇರಬೇಕು. ಉತ್ತರ ಸೂರ್ಯನ ತೂಕದ ಲೆಕ್ಕದಲ್ಲಿ ಬರುತ್ತದೆ. ಗೆಲಾಕ್ಸಿಯ ಒಳ ಅರ್ಧದ ತೂಕ ಅದು.

ಮೊದಲು ಡ್ರ್ಯಾಕೋ ಅನ್ನುವ ಕುಬ್ಜ ಗೆಲಾಕ್ಸಿ ತೆಗೆದುಕೊಂಡರು. ಅದು ಸುಮಾರು 2 ಲಕ್ಷ 60 ಸಾವಿರ ಜ್ಯೋತಿರ್ವರ್ಷ ದೂರ. ಹರವು ಸುಮಾರು 9, ತ್ರಿಜ್ಯ ಸುಮಾರು 220 ಪಾರ್ಸೆಕ್. ತೂಕ 1 ಕೋಟಿ 60 ಲಕ್ಷ ಸೂರ್ಯರಿಗಿಂತ ಜಾಸ್ತಿ ಬಂತು. ಆ ಗೆಲಾಕ್ಸಿಯ ಒಟ್ಟು ಬೆಳಕು ಸುಮಾರು 3 ಲಕ್ಷ ಸೂರ್ಯರಷ್ಟು ಮಾತ್ರ. ಒಳ ಅರ್ಧದ್ದು ಅದರಲ್ಲೂ ಅರ್ಧ. ಅಂದರೆ ಬೆಳಕಿಗೂ ತೂಕಕ್ಕೂ ನೂರು ಪಟ್ಟು ಅಂತರ. ನಕ್ಷತ್ರಗಳಷ್ಟೇ ಇದ್ದಿದ್ದರೆ ಹರವು 1ರ ಆಸುಪಾಸು ಇರಬೇಕಿತ್ತು.

ಡ್ರ್ಯಾಕೋದ ಚರಿತ್ರೆ ಇಲ್ಲಿ ಹೇಳಲೇಬೇಕು. ಮುಂದೆ ಬೇಕಾಗುತ್ತದೆ. 1983ರಲ್ಲಿ ಮಾರ್ಕ್ ಆರನ್ಸನ್ ಅದರ ಬರೀ ಮೂರು ನಕ್ಷತ್ರಗಳ ವೇಗ ಅಳೆದು, ಇಲ್ಲಿ ಕಾಣದ ತೂಕ ಇರುವ ಹಾಗಿದೆ ಅಂದರು. ಮೂರೇ ಮೂರು! ಆಮೇಲೆ ನೂರಾರು ನಕ್ಷತ್ರಗಳ ವೇಗ ಅಳೆದಾಯಿತು. ಅವರ ಮಾತು ನಿಂತಿತು.

ಸಮಸ್ಯೆ ಶುರುವಾದದ್ದು

ಡ್ರ್ಯಾಕೋದಲ್ಲೇ ನಿಲ್ಲಿಸಿದ್ದರೆ ಒಳ್ಳೆಯ, ಸುಭದ್ರ ಪ್ರಾಜೆಕ್ಟ್ ಆಗುತ್ತಿತ್ತು. ಹುಡುಗನಿಗೆ ಸಮಾಧಾನ ಆಗಲಿಲ್ಲ. 2023ರ ಕೊನೆಗೆ ಒಂದು ಹೊಸ ವಸ್ತುವಿನ ಸುದ್ದಿ ಬಂದಿತ್ತು. ಹೆಸರು ಅರ್ಸಾ ಮೇಜರ್ 3, ಯೂನಿಯನ್ಸ್ 1 ಅಂತಲೂ ಕರೆಯುತ್ತಾರೆ. ಇರುವುದು ನಮ್ಮ ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 33 ಸಾವಿರ ಜ್ಯೋತಿರ್ವರ್ಷ ದೂರ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಸೈಮನ್ ಸ್ಮಿತ್ ಮತ್ತು ತಂಡ ಪ್ರಕಟಿಸಿದ್ದು. ಅದರಲ್ಲಿರುವುದು ಸುಮಾರು 60 ನಕ್ಷತ್ರ. ಎಲ್ಲ ಸೇರಿ 16 ಸೂರ್ಯರ ತೂಕ. ಲಕ್ಷ ಅಲ್ಲ, ಸಾವಿರ ಅಲ್ಲ, ಹದಿನಾರು.

ಹವಾಯಿಯ ಕೆಕ್ ದೂರದರ್ಶಕದಿಂದ ಇದರ 11 ನಕ್ಷತ್ರಗಳ ವೇಗ ಅಳೆದಿದ್ದರು. ಹರವು 3.7. ತ್ರಿಜ್ಯ 3 ಪಾರ್ಸೆಕ್. ಸೂತ್ರಕ್ಕೆ ಹಾಕಿದರೆ ಸುಮಾರು 38 ಸಾವಿರ ಸೂರ್ಯರ ತೂಕ. ಬೆಳಕಿಗೆ ಹೋಲಿಸಿದರೆ ಆರು ಸಾವಿರ ಪಟ್ಟಿಗೂ ಜಾಸ್ತಿ. ಇದು ಸರಿ ಅಂತಾದರೆ ನಮಗೆ ಗೊತ್ತಿರುವ ಗೆಲಾಕ್ಸಿಗಳಲ್ಲೇ ಅತಿ ಕತ್ತಲಿನದ್ದು.

ಹುಡುಗ ಚಾರ್ಟಿನ ತಲೆಬರಹವನ್ನೂ ಬರೆದುಬಿಟ್ಟ. ಹನ್ನೊಂದು ಸಾಲಿನ ಪಟ್ಟಿ, ಕೈಯಲ್ಲೇ ಲೆಕ್ಕ ಮಾಡಬಹುದು, ಉತ್ತರವೋ ಬೆರಗು ಹುಟ್ಟಿಸುವಂಥದ್ದು. ಶಾಲಾ ಪ್ರಾಜೆಕ್ಟಿಗೆ ಇನ್ನೆಂತ ಬೇಕು?

ಹುಡುಗಿ ಪಟ್ಟಿಯನ್ನು ಕ್ಯಾಲ್ಕಿನಲ್ಲಿ ಹಾಕಿದಳು. ಸೀದಾ ಸ್ಟಾಂಡರ್ಡ್ ಡೀವಿಯೇಶನ್ ಹೊಡೆದರೆ ಹರವು ನಿಜಕ್ಕಿಂತ ಜಾಸ್ತಿ ಬರುತ್ತದೆ, ಯಾಕೆಂದರೆ ಅಳತೆಯ ಅನಿಶ್ಚಿತತೆಯೂ ಅದರೊಳಗೆ ಸೇರಿರುತ್ತದೆ. ಮಂಕು ನಕ್ಷತ್ರಗಳಲ್ಲಿ ಆ ಅನಿಶ್ಚಿತತೆ ಸಣ್ಣದಲ್ಲ. ಅದನ್ನು ವರ್ಗ ಮಾಡಿ ಕಳೆಯುವುದನ್ನು ಕಲಿತರು, ಉತ್ತರ ಪ್ರಕಟವಾದದ್ದರ ಹತ್ತಿರ ಬಂತು. ಆಮೇಲೆ ಅವಳು, ಯಾರೂ ಹೇಳದೆ, ಒಂದೊಂದೇ ನಕ್ಷತ್ರ ಅಳಿಸಿ ನೋಡಲು ಶುರು ಮಾಡಿದಳು. ಹೆಚ್ಚಿನವನ್ನು ಅಳಿಸಿದರೆ ಉತ್ತರ ಜಾಸ್ತಿ ಅಲುಗಾಡುವುದಿಲ್ಲ. ಒಂದನ್ನು ಅಳಿಸಿದಾಗ ಮಾತ್ರ ಧಡ್ಡನೆ ಇಳಿಯಿತು.

"ಟೀಚರ್, ಇದೊಂದು ತೆಗೆದ್ರೆ ತೂಕ ಕಾಲು ಭಾಗ ಆಗ್ತದೆ. ಇನ್ನೊಂದು ತೆಗೆದ್ರೆ ಎಂತದೂ ಉಳಿಯುದಿಲ್ಲ."

ವಿಜ್ಞಾನಿಗಳ ಲೇಖನದಲ್ಲೂ ಇದು ಸ್ಪಷ್ಟವಾಗಿ ಇದೆ. ಸರಾಸರಿಯಿಂದ ಅತಿ ದೂರದ ನಕ್ಷತ್ರ ಬಿಟ್ಟರೆ ಹರವು 3.7ರಿಂದ 1.9ಕ್ಕೆ ಇಳಿಯುತ್ತದೆ. ಹರವು ಅರ್ಧ, ವರ್ಗ ಮಾಡುವುದರಿಂದ ತೂಕ ಕಾಲು: 38 ಸಾವಿರದಿಂದ 10 ಸಾವಿರ ಸೂರ್ಯರಿಗೆ. ಎರಡನೆಯದನ್ನೂ ಬಿಟ್ಟರೆ ಹರವು ಇದೆ ಅಂತ ಹೇಳಲಿಕ್ಕೇ ಆಗುವುದಿಲ್ಲ. ಸುದ್ದಿ ಓದಿದವರಲ್ಲಿ ಎಷ್ಟು ಜನ ಈ ಸಾಲಿನವರೆಗೆ ಹೋಗಿದ್ದರೋ. ಹುಡುಗಿ ಲೇಖನ ಓದಿ ಇಲ್ಲಿಗೆ ಬಂದದ್ದಲ್ಲ, ಅಳಿಸಿ ನೋಡಿ ಬಂದಳು. ಅದು ನನಗೆ ತುಂಬಾ ಖುಷಿ ಕೊಟ್ಟಿತು.

ಜಗಳ, ಮತ್ತು ಟೀಚರ ನಿರ್ಧಾರ

ಈಗ ಇಬ್ಬರಿಗೂ ಮನಸ್ತಾಪ. ಹುಡುಗ ಹೇಳಿದ: ವಿಜ್ಞಾನಿಗಳೇ ಸದಸ್ಯ ಅಂದ ನಕ್ಷತ್ರವನ್ನು ತೆಗೆಯಲಿಕ್ಕೆ ನಾವು ಯಾರು? ಹುಡುಗಿ ಹೇಳಿದಳು: ಒಂದೇ ನಕ್ಷತ್ರದ ಮೇಲೆ ನಿಂತ ಉತ್ತರ ಉತ್ತರವೇ ಅಲ್ಲ, ತೆಗೆದುಬಿಡುವ.

ಇಬ್ಬರ ಮಾತಲ್ಲೂ ನ್ಯಾಯ ಇತ್ತು. ಅಪಾಯವೂ ಒಂದೇ ಇತ್ತು. ಹುಡುಗ ಉತ್ತರ ನೋಡಿ ನಕ್ಷತ್ರ ಉಳಿಸಿಕೊಳ್ಳುತ್ತಿದ್ದ. ಹುಡುಗಿಯೂ ಉತ್ತರ ನೋಡಿಯೇ ತೆಗೆಯುತ್ತಿದ್ದಳು. ಹುಡುಗಿಯದ್ದು ಎಚ್ಚರಿಕೆಯ ದಾರಿ ಅನ್ನಿಸುತ್ತದೆ, ಹಾಗಾಗಿ ಅದರ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ. ದೂರದ್ದನ್ನೆಲ್ಲ ತೆಗೆಯುತ್ತಾ ಹೋದರೆ ಯಾವ ಪಟ್ಟಿಯ ಹರವನ್ನಾದರೂ ಸೊನ್ನೆಗೆ ತರಬಹುದು. ಆ ರೀತಿ ಮಾಡಿದರೆ ಡ್ರ್ಯಾಕೋದ ಡಾರ್ಕ್ ಮ್ಯಾಟರನ್ನೂ ಮಾಯ ಮಾಡಬಹುದು.

ಟೀಚರ್ ಮಾಡಿದ್ದು ಇಡೀ ಪ್ರಕರಣದ ತಿರುವು. ವೇಗದ ಕಾಲಮ್ಮನ್ನು ಕ್ಯಾಲ್ಕಿನಲ್ಲಿ ಮರೆಮಾಡಿದರು. "ಇದು ಕಾಣುದಿಲ್ಲ ಅಂತ ಇಟ್ಟುಕೊಳ್ಳಿ. ಉಳಿದದ್ದು ನೋಡಿ, ಯಾವ ನಕ್ಷತ್ರ ಈ ಗುಂಪಿನದ್ದು, ಯಾವುದು ಅಲ್ಲ ಅಂತ ಹೇಳಿ. ಕಾರಣ ಬರ್ದು ಇಡಿ. ಆಮೇಲೆ ತೆರೆಯುವ."

ಉಳಿದದ್ದು ಅಂದರೆ ಮೂರು ವಿಷಯ. ನಕ್ಷತ್ರ ಗುಂಪಿನ ನಡುವಿನಿಂದ ಎಷ್ಟು ದೂರ? ಅದರ ಬಣ್ಣ ಮತ್ತು ಪ್ರಕಾಶ ಇಷ್ಟು ಹಳೆಯ ಗುಂಪಿಗೆ ಹೊಂದುತ್ತದೆಯೇ? (ಈ ಗುಂಪಿಗೆ 1,100 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು.) ಆಕಾಶದಲ್ಲಿ ಅದು ಸರಿಯುವ ದಿಕ್ಕು ಉಳಿದವುಗಳ ಜೊತೆ ಕೂಡುತ್ತದೆಯೇ? ಕೊನೆಯದ್ದಕ್ಕೆ ಯುರೋಪಿನ ಗಾಯಾ ಉಪಗ್ರಹದ ಅಳತೆ ಇದೆ. ನಡುವೆ ಹಾದುಹೋಗುವ ಕ್ಷೀರಪಥದ ಬಿಡಿ ನಕ್ಷತ್ರಗಳನ್ನು ಬೇರ್ಪಡಿಸಲು ಗಾಯಾ ಬಹಳ ಸಹಾಯ ಮಾಡುತ್ತದೆ.

ಇದಕ್ಕೆ ಹಲವು ಸಂಜೆ ಹೋದವು. ಮಕ್ಕಳ ತೀರ್ಮಾನ: ತೆಗೆಯಲಿಕ್ಕೆ ಕಾರಣ ಸಿಗುವುದಿಲ್ಲ. ಕಾಲಮ್ ತೆರೆದರು. ತಕರಾರಿನ ಎರಡೂ ನಕ್ಷತ್ರ ಉಳಿದವರ ಪಟ್ಟಿಯಲ್ಲೇ ಇದ್ದವು. ಹುಡುಗಿಯ ಮುಖ ಸಪ್ಪೆ ಆಯಿತು. ಹುಡುಗ ಗೆದ್ದೆ ಅಂದುಕೊಂಡ. ಅದೂ ಅಲ್ಲ.

ಯಾಕೆಂದರೆ ಗುಂಪಿನ ನಕ್ಷತ್ರವೇ ಆಗಿದ್ದರೂ ಅದು ಜೋಡಿ ನಕ್ಷತ್ರ ಆಗಿರಬಹುದು. ಒಂದರ ಸುತ್ತ ಒಂದು ತಿರುಗುವಾಗ ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗ ಸುಲಭವಾಗಿ ಬರುತ್ತದೆ. ಆ ವೇಗಕ್ಕೂ ಗೆಲಾಕ್ಸಿಯ ತೂಕಕ್ಕೂ ಸಂಬಂಧ ಇಲ್ಲ. ಡ್ರ್ಯಾಕೋದಲ್ಲಿ ಹರವು 9, ಅಲ್ಲಿ ಜೋಡಿಗಳಿಂದ ಆಗುವ ಹೆಚ್ಚುವರಿ ಸಣ್ಣದು. ಇಲ್ಲಿ ನಕ್ಷತ್ರಗಳಷ್ಟೇ ಇದ್ದರೆ ಹರವು 0.1 ಇರಬೇಕು, ಅಂದರೆ ಸೆಕೆಂಡಿಗೆ ನೂರು ಮೀಟರ್. ಇಂಥ ಕಡೆ ಒಂದೇ ಒಂದು ಜೋಡಿ ನಕ್ಷತ್ರ ಇಡೀ ಉತ್ತರವನ್ನು ಬುಡಮೇಲು ಮಾಡುತ್ತದೆ. ಆರನ್ಸನ್ ಅವರ ಮೂರು ನಕ್ಷತ್ರ ನಿಂತಿತು, ಈ ಹನ್ನೊಂದು ಅಲುಗಾಡಿತು. ಎಷ್ಟು ನಕ್ಷತ್ರ ಅಳೆದೆವು ಅನ್ನುವುದಷ್ಟೇ ಸಾಲದು. ಹುಡುಕುತ್ತಿರುವ ಹರವು, ಅಳತೆಯನ್ನು ಕೆಡಿಸುವ ಸಂಗತಿಗಳಿಗಿಂತ ಎಷ್ಟು ದೊಡ್ಡದು ಅನ್ನುವುದೂ ಬೇಕು.

ಜೋಡಿ ಹೌದೋ ಅಲ್ಲವೋ ಅಂತ ಒಂದು ಕಾಲದ ಅಳತೆಯಿಂದ ಹೇಳಲಾಗದು. ವರ್ಷ ಬಿಟ್ಟು ಮತ್ತೆ ಅಳೆಯಬೇಕು. ಸ್ಮಿತ್ ಅವರ ತಂಡವೂ ಅದನ್ನೇ ಹೇಳಿತ್ತು.

ಚಾರ್ಟಿನಲ್ಲಿ ಏನು ಉಳಿಯಿತು, ಏನು ಹೋಯಿತು

ತಲೆಬರಹ ಹೋಯಿತು. ಅದರ ಜಾಗದಲ್ಲಿ ಮೂರು ಲೆಕ್ಕ ಪಕ್ಕಪಕ್ಕ ಬಂತು: ಹನ್ನೊಂದು ನಕ್ಷತ್ರದ್ದು, ಹತ್ತರದ್ದು, ಒಂಬತ್ತರದ್ದು. ಎಡಗಡೆ ಡ್ರ್ಯಾಕೋ, ಹೋಲಿಕೆಗೆ.

ಕೊನೆಯ ಚಾರ್ಟು 'ಡಾರ್ಕ್ ಮ್ಯಾಟರ್ ಅಂದರೆ ಏನು?' ಹುಡುಗ ಅದರಲ್ಲಿ ಒಂದು ಕಣದ ಚಿತ್ರ ಬಿಡಿಸಿ 'ವಿಂಪ್' (ಡಾರ್ಕ್ ಮ್ಯಾಟರ್ ಇದರಿಂದ ಆಗಿರಬಹುದು ಅಂತ ಊಹಿಸಿರುವ ಒಂದು ಬಗೆಯ ಕಣ) ಅಂತ ಬರೆದಿದ್ದ. ಟೀಚರ್ ಅದನ್ನು ತೆಗೆಸಿದರು. ಅದು ಸರಿಯಾದ ನಿರ್ಧಾರ ಅಂತ ನನ್ನ ಗಟ್ಟಿ ಅಭಿಪ್ರಾಯ. ವೇಗದ ಅಳತೆ ತೂಕ ಹೇಳುತ್ತದೆ, ಕಣದ ಹೆಸರು ಹೇಳುವುದಿಲ್ಲ. ಬದಲಿಗೆ, ಕುಬ್ಜ ಗೆಲಾಕ್ಸಿಗಳಿಂದ ಡಾರ್ಕ್ ಮ್ಯಾಟರಿನ ಸ್ವಭಾವದ ಬಗ್ಗೆ ಏನೇನು ಸುಳಿವು ಸಿಕ್ಕಿದೆ ಅಂತ ಬರೆದರು.

ಒಂದು, ಎಣಿಕೆ. ಡಾರ್ಕ್ ಮ್ಯಾಟರಿನ ಕಣಗಳು ನಿಧಾನದವು, 'ತಣ್ಣಗಿನವು' ಆದರೆ ಸಣ್ಣ ಸಣ್ಣ ಮುದ್ದೆಗಳು ಬೇಕಾದಷ್ಟು ಆಗಬೇಕು. ಜೋರಾಗಿ ಓಡುವ 'ಬೆಚ್ಚಗಿನ' ಕಣಗಳಾದರೆ ಸಣ್ಣವು ಅಳಿಸಿ ಹೋಗುತ್ತವೆ. 1999ರಲ್ಲಿ ಕ್ಲೈಪಿನ್ ಅವರ ತಂಡ, ಮೂರ್ ಅವರ ತಂಡ ಎರಡೂ ಒಂದೇ ತಕರಾರು ಎತ್ತಿದವು: ಕಂಪ್ಯೂಟರ್ ಲೆಕ್ಕದಲ್ಲಿ ಕ್ಷೀರಪಥದ ಸುತ್ತ ನೂರಾರು ಮುದ್ದೆ ಬರುತ್ತದೆ, ಆಕಾಶದಲ್ಲಿ ಕಂಡ ಕುಬ್ಜ ಗೆಲಾಕ್ಸಿ ಹತ್ತು ಹನ್ನೆರಡು. ಆಮೇಲೆ ಮಂಕಾದವು ಒಂದೊಂದೇ ಸಿಕ್ಕಿ ಈಗ ಅರವತ್ತರ ಆಸುಪಾಸು ಇವೆ. ತೀರಾ ಸಣ್ಣ ಮುದ್ದೆಗಳಲ್ಲಿ ನಕ್ಷತ್ರವೇ ಹುಟ್ಟಲಿಲ್ಲ ಅನ್ನುವುದೂ ಈಗ ಒಪ್ಪಿತ ವಿವರಣೆ. ಅರ್ಸಾ ಮೇಜರ್ 3 ನಿಜವಾಗಿ ಗೆಲಾಕ್ಸಿ ಆದರೆ, ಎಷ್ಟು ಚಿಕ್ಕ ಮುದ್ದೆಯಲ್ಲೂ ನಕ್ಷತ್ರ ಹುಟ್ಟಬಹುದು ಅನ್ನುವ ಗೆರೆಯೇ ಬದಲಾಗುತ್ತದೆ. ಅದಕ್ಕೇ ಅಷ್ಟು ಕುತೂಹಲ.

ಎರಡು, ನಡುಭಾಗದ ದಟ್ಟಣೆ. ತಣ್ಣಗಿನ ಡಾರ್ಕ್ ಮ್ಯಾಟರಿನ ಲೆಕ್ಕದಲ್ಲಿ ನಡುಭಾಗ ತೀರಾ ದಟ್ಟ ಇರಬೇಕು. ಕೆಲವು ಕುಬ್ಜ ಗೆಲಾಕ್ಸಿಗಳಲ್ಲಿ ಹಾಗಿಲ್ಲ. ಕಣಗಳು ತಮ್ಮತಮ್ಮೊಳಗೆ ಡಿಕ್ಕಿ ಹೊಡೆಯುತ್ತವೋ ಏನೋ ಅಂತ 2000ದಲ್ಲಿ ಸ್ಪರ್ಗೆಲ್ ಮತ್ತು ಸ್ಟೈನ್‌ಹಾರ್ಟ್ ಸೂಚಿಸಿದರು. ಇನ್ನೊಂದು ವಿವರಣೆ ಸಿಡಿದು ಸಾಯುವ ನಕ್ಷತ್ರಗಳು, ಅಂದರೆ ಸೂಪರ್‌ನೋವಾ. ಅವು ಮತ್ತೆ ಮತ್ತೆ ಸಿಡಿದು ಅನಿಲವನ್ನು ಹೊರಗೆ ನೂಕಿದಾಗ ಡಾರ್ಕ್ ಮ್ಯಾಟರ್ ಕೂಡ ಸಡಿಲಾಗುತ್ತದೆ. 2019ರಲ್ಲಿ ಜಸ್ಟಿನ್ ರೀಡ್ ಮತ್ತು ಸಂಗಡಿಗರು ತೋರಿಸಿದ್ದು ಇದಕ್ಕೆ ಬಲ ಕೊಡುತ್ತದೆ. ಬಹಳ ಹಿಂದೆಯೇ ನಕ್ಷತ್ರ ಹುಟ್ಟುವುದು ನಿಂತ ಡ್ರ್ಯಾಕೋದಲ್ಲಿ ನಡುಭಾಗ ದಟ್ಟ, ತೀರಾ ಈಚಿನವರೆಗೂ ನಕ್ಷತ್ರ ಹುಟ್ಟುತ್ತಿದ್ದ ಫೋರ್ನಾಕ್ಸ್‌ನಲ್ಲಿ ಸಡಿಲ.

ಮೂರು, ಗಾಮಾ ಕಿರಣ. ಕಣಗಳು ಒಂದನ್ನೊಂದು ನಾಶ ಮಾಡುವಂಥವಾದರೆ ಕುಬ್ಜ ಗೆಲಾಕ್ಸಿಗಳಿಂದ ಗಾಮಾ ಕಿರಣ ಬರಬೇಕು. 2008ರಲ್ಲಿ ಹಾರಿದ ಫರ್ಮಿ ದೂರದರ್ಶಕ ವರ್ಷಗಟ್ಟಲೆ ನೋಡಿಯೂ ಖಚಿತ ಸುಳಿವು ಸಿಕ್ಕಿಲ್ಲ. ವಿಂಪ್ ಚಿತ್ರ ತೆಗೆಸಿದ್ದಕ್ಕೆ ಇದೂ ಒಂದು ಕಾರಣ.

ಶಾಸ್ತ್ರೋತ್ಸವದಲ್ಲಿ ಆದದ್ದು

ಹುಡುಗಿ ಕನ್ನಡದಲ್ಲಿ, ಹುಡುಗ ಮಲಯಾಳದಲ್ಲಿ ವಿವರಿಸಿದರು. ಪಾರಿಭಾಷಿಕ ಪದ ಇಂಗ್ಲಿಷಿನವೇ ಇದ್ದವು, ಯಾರಿಗೂ ಅಡ್ಡಿ ಆಗಲಿಲ್ಲ. ಒಬ್ಬ ತೀರ್ಪುಗಾರರು ಜೋಡಿ ನಕ್ಷತ್ರದ ಬಗ್ಗೆ ಕೇಳಿದರು. ಹುಡುಗಿ ತಡವರಿಸದೆ ಹೇಳಿದಳು. ಇನ್ನೊಬ್ಬರಿಗೆ ಮೂರು ಉತ್ತರ ಹಿಡಿಸಲಿಲ್ಲ. "ಪ್ರಾಜೆಕ್ಟ್ ಅಂದ ಮೇಲೆ ಒಂದು ತೀರ್ಮಾನ ಬೇಡ್ವಾ?" ಅಂದರು. ಹುಡುಗ ಡ್ರ್ಯಾಕೋ ತೋರಿಸಿ ಹೇಳಿದ, "ಸರ್, ಇಲ್ಲಿ ತೀರ್ಮಾನ ಉಂಟು. ಯಾವ ನಕ್ಷತ್ರ ತೆಗೆದ್ರೂ ಬದಲಾಗುದಿಲ್ಲ. ಅಲ್ಲಿ ಇನ್ನೂ ಆಗಿಲ್ಲ." ತಲೆಬರಹಕ್ಕಾಗಿ ಜಗಳ ಮಾಡಿದ ಹುಡುಗನ ಬಾಯಲ್ಲಿ ಈ ಮಾತು ಬಂತು.

ಎ ಗ್ರೇಡ್ ಸಿಕ್ಕಿತು. ಮುಂದಿನ ಹಂತಕ್ಕೆ ಆಯ್ಕೆ ಆಗಲಿಲ್ಲ.

ಮುಂದಿನ ವರ್ಷ

2025ರಲ್ಲಿ ವಿಲಿಯಂ ಸರ್ನಿ ಮತ್ತು ಸಂಗಡಿಗರು ಅದೇ ವಸ್ತುವನ್ನು ಕೆಕ್‌ನಿಂದ ಮತ್ತೆ ಅಳೆದು ಪ್ರಕಟಿಸಿದರು. ಈ ಸಲ 16 ನಕ್ಷತ್ರ, ಅಳತೆಯೂ ಇನ್ನಷ್ಟು ನಿಖರ. ಹರವು 2.3ಕ್ಕಿಂತ ಕಡಿಮೆ ಅಂತ 95 ಶೇಕಡಾ ಭರವಸೆಯಲ್ಲಿ ಹೇಳಿದರು. ಹಳೆಯ 3.7ಕ್ಕಿಂತ, ನಕ್ಷತ್ರಗಳಷ್ಟೇ ಇದ್ದರೆ ಬರುವ 0.1ರ ಕಡೆಗೆ ತಕ್ಕಡಿ 120ಕ್ಕೆ 1ರಂತೆ ವಾಲಿದೆ. ಈ ವಸ್ತುವಿನಲ್ಲಿ ಡಾರ್ಕ್ ಮ್ಯಾಟರಿಗೆ ಈಗ ಅಳತೆಯ ಆಧಾರ ಇಲ್ಲ.

ಟೀಚರ್ ಇದನ್ನು ಇಬ್ಬರಿಗೂ ಕಳಿಸಿದರು. ಹುಡುಗಿಯ ಅನುಮಾನ ಸರಿ ಇತ್ತು ಅಂತ ಹೇಳುವುದು ಸುಲಭ. ಆದರೆ 2024ರಲ್ಲಿ ಅವಳು ಆ ನಕ್ಷತ್ರಗಳನ್ನು ಸುಮ್ನೆ ಅಳಿಸಿದ್ದರೆ ಅದಕ್ಕೆ ಆಧಾರ ಇರುತ್ತಿರಲಿಲ್ಲ. ಆವತ್ತು ಕೈಯಲ್ಲಿದ್ದ ಅಳತೆಗೆ ಮೂರು ಉತ್ತರ ಪಕ್ಕಪಕ್ಕ ಇಡುವುದೇ ಸರಿ. ಇವತ್ತಿನ ಅಳತೆ ಬೇರೆ, ಹಾಗಾಗಿ ಇವತ್ತಿನ ಮಾತೂ ಬೇರೆ.

ಹುಡುಗಿ ಕೂಡಲೇ ಕೇಳಿದ್ದು ಇನ್ನೊಂದು. ಡಾರ್ಕ್ ಮ್ಯಾಟರ್ ಇಲ್ಲ ಅಂತಾದರೆ 16 ಸೂರ್ಯರಷ್ಟು ತೂಕದ ಗುಂಪು ಕ್ಷೀರಪಥದ ಸೆಳೆತಕ್ಕೆ ಸಿಕ್ಕಿ ಇಷ್ಟು ಕಾಲ ಚದುರದೆ ಉಳಿದದ್ದು ಹೇಗೆ? ಒಳ್ಳೆಯ ಪ್ರಶ್ನೆ. ಇದು ಗೆಲಾಕ್ಸಿಯೇ ಇರಬೇಕು ಅನ್ನುವವರ ಬಲವಾದ ವಾದವೂ ಇದೇ ಆಗಿತ್ತು. ಈಗ ಮುಂದಿಟ್ಟಿರುವ ಒಂದು ಉತ್ತರ: ಸತ್ತ ನಕ್ಷತ್ರಗಳ ಉಳಿಕೆ. ಶ್ವೇತಕುಬ್ಜ, ನ್ಯೂಟ್ರಾನ್ ನಕ್ಷತ್ರ, ಕಪ್ಪುಕುಳಿ ಇವು ಇಷ್ಟು ದೂರದಿಂದ ಕಾಣುವುದಿಲ್ಲ, ತೂಕ ಇದೆ. ಗುಂಪನ್ನು ಅವೇ ಹಿಡಿದಿಟ್ಟಿರಬಹುದು. ಅಲ್ಲಿಗೆ ಇದು ಗೆಲಾಕ್ಸಿ ಅಲ್ಲ, ಬರೀ ನಕ್ಷತ್ರಗುಚ್ಛ, ಅಂದರೆ ಡಾರ್ಕ್ ಮ್ಯಾಟರ್ ಇಲ್ಲದ ನಕ್ಷತ್ರಗಳ ಗುಂಪು.

ತೀರ್ಪು ಇನ್ನೂ ಪೂರ್ತಿ ಆಗಿಲ್ಲ. ನಿರ್ಧರಿಸಲು ಇನ್ನೊಂದು ದಾರಿ ಕಬ್ಬಿಣದ ಅಂಶ. ಗೆಲಾಕ್ಸಿಯ ಆಳವಾದ ಸೆಳೆತ ಸೂಪರ್‌ನೋವಾದ ಬೂದಿಯನ್ನು ಹಿಡಿದಿಡುತ್ತದೆ, ಆಮೇಲೆ ಹುಟ್ಟಿದ ನಕ್ಷತ್ರಗಳಲ್ಲಿ ಕಬ್ಬಿಣ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರುತ್ತದೆ. ಗುಚ್ಛದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ. ಸರ್ನಿ ತಂಡ 12 ನಕ್ಷತ್ರಗಳಲ್ಲಿ ಅಳೆದಿದೆ, ದೊಡ್ಡ ವ್ಯತ್ಯಾಸ ಕಂಡಿಲ್ಲ. ಗುಚ್ಛದ ಕಡೆಗೇ ವಾಲುತ್ತದೆ, ಆದರೆ ಗೆಲಾಕ್ಸಿ ಅಲ್ಲವೇ ಅಲ್ಲ ಅನ್ನಲು ಅದು ಸಾಲದು ಅಂತ ಅವರೇ ಹೇಳಿದ್ದಾರೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದಿಂದ ಇಂಥ ಮಂಕು ಗುಂಪುಗಳು ಇನ್ನೂ ಬಹಳ ಸಿಗುವ ನಿರೀಕ್ಷೆ ಇದೆ. ಒಂದೊಂದಕ್ಕೂ ಇದೇ ಪ್ರಶ್ನೆ ಕೇಳಬೇಕಾಗುತ್ತದೆ. ಆ ಶಾಲೆಯ ಹೊಸ ಬ್ಯಾಚು ಈಗ 16 ನಕ್ಷತ್ರಗಳ ಪಟ್ಟಿ ಹಿಡಿದು ಕೂತಿದೆ.